ಆಡಲು ಬಂದವರನ್ನು ಆಡಿಸಿ



ಮುಂಗಾರು ಹಿಡಿದು, ಎರೆಹೊಲಗಳಲ್ಲಿ ಹೆಸರು ಮೊಳಕಾಲೆತ್ತರ ಬರುವ ಹೊತ್ತಿಗೆ ನಮ್ಮ ಗದಗ ಜಿಲ್ಲೆಯ ಶಾಲೆಗಳಲ್ಲಿ ಕ್ರೀಡಾಕೂಟದ ಗಡಿಬಿಡಿ ಶುರುವಾಗುತ್ತದೆ. ಮೊದಲು ಕ್ಲಸ್ಟರ್, ಆಮೇಲೆ ವಲಯ, ತಾಲ್ಲೂಕು, ಜಿಲ್ಲೆ, ಅಲ್ಲಿಂದ ಬೆಳಗಾವಿ ವಿಭಾಗ, ಕಡೆಗೆ ರಾಜ್ಯ. ನಮ್ಮ ಲಕ್ಕುಂಡಿಯಿಂದ ಗದಗಿಗೆ ಹನ್ನೆರಡು ಕಿಲೋಮೀಟರ್ ಅಷ್ಟೆ. ಆದರೆ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿಗಳ ಮಕ್ಕಳು ಬೆಳಗಿನ ಮೊದಲ ಬಸ್ಸಿಗೆ ರೊಟ್ಟಿಬುತ್ತಿ ಕಟ್ಟಿಕೊಂಡು ಹೊರಟರೆ ಮಾತ್ರ ಗದಗಿನ ಕೆ.ಎಚ್. ಪಾಟೀಲ ಜಿಲ್ಲಾ ಕ್ರೀಡಾಂಗಣಕ್ಕೆ ಹೊತ್ತಿಗೆ ಸರಿಯಾಗಿ ತಲುಪುತ್ತಾರೆ. ಅವರ ಜೊತೆ ಬಂದ ಅಪ್ಪನೋ ಅಣ್ಣನೋ ಸಂಜೆ ಮರಳುವಾಗ ಆಡುವ ಮಾತೊಂದನ್ನು ನಾನು ಎಷ್ಟೋ ಮೈದಾನಗಳ ಅಂಚಿನಲ್ಲಿ ಕೇಳಿದ್ದೇನೆ: "ನಮ್ಮ ಹುಡುಗನ್ನ ಟೀಮಿಗೆ ತೊಗೊಂಡಾರ, ಖರೆ. ಆದ್ರ ಒಂದ್ ನಿಮಿಷನೂ ಆಡಿಸಲಿಲ್ಲಲ್ರೀ."

ಇವತ್ತಿನ ನನ್ನ ಮಾತು ಈ ದೂರಿನ ಮೇಲೆ. ಚಿಕ್ಕ ವಯಸ್ಸಿನ ಆಟಗಾರರಿಗೆ ಕೋಚ್ ಹೆಚ್ಚು ಹೊತ್ತು ಆಡಲು ಬಿಡಬೇಕೆ? ಬಾಸ್ಕೆಟ್‌ಬಾಲ್ ಆಡುವ ಊರುಗಳಲ್ಲಿ ಈ ಪ್ರಶ್ನೆ ದಿನಬೆಳಗಾದರೆ ಏಳುತ್ತದೆ. ಕಬಡ್ಡಿ, ಕೊಕ್ಕೊ, ವಾಲಿಬಾಲ್ ಆಡುವ ನಮ್ಮ ಕಡೆಯೂ ಏಳುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. 14 ವರ್ಷದೊಳಗಿನ ತಂಡದಲ್ಲಿ ಹೆಸರು ಬರೆಸಿಕೊಂಡ ಮಗು, ತಾಲೀಮಿಗೆ ತಪ್ಪದೆ ಬಂದಿದ್ದರೆ, ಕೂಟದಲ್ಲಿ ಅಂಕಣಕ್ಕೆ ಇಳಿಯಲೇಬೇಕು. ಅದು ಮಗುವಿನ ಹಕ್ಕು. 17 ವರ್ಷದೊಳಗಿನವರ ತಂಡದಲ್ಲೂ ಕಡೇಪಕ್ಷ ಮೊದಲ ಸುತ್ತುಗಳಲ್ಲಿ ಎಲ್ಲರೂ ಇಳಿಯಬೇಕು. ಅದಕ್ಕಿಂತ ಮೇಲಿನ ಹಂತದ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದಿಷ್ಟು ಲೆಕ್ಕ ನೋಡೋಣ. ಬಾಸ್ಕೆಟ್‌ಬಾಲ್ ತಂಡದಲ್ಲಿ 12 ಮಂದಿ, ಅಂಕಣದಲ್ಲಿ ಐವರು. ಪಂದ್ಯ ತಲಾ 10 ನಿಮಿಷದ ನಾಲ್ಕು ಅವಧಿ, ಒಟ್ಟು 40 ನಿಮಿಷ. ಐವರಿಗೆ 40 ನಿಮಿಷವೆಂದರೆ ತಂಡದ ಕೈಯಲ್ಲಿರುವುದು 200 ನಿಮಿಷಗಳ ಆಟ. ಅದನ್ನು ಹನ್ನೆರಡು ಮಂದಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ 16 ನಿಮಿಷ 40 ಸೆಕೆಂಡು. ಆ ಆಟದಲ್ಲಿ ಬದಲಾವಣೆಗೆ ಮಿತಿಯೇ ಇಲ್ಲ, ಒಬ್ಬನನ್ನು ಎಷ್ಟು ಸಲ ಬೇಕಾದರೂ ಕರೆದು ಕೂರಿಸಿ ಮತ್ತೆ ಇಳಿಸಬಹುದು. ಕಬಡ್ಡಿಯಲ್ಲೂ ತಂಡ 12ರದೇ, ಅಂಕಣದಲ್ಲಿ ಏಳು ಮಂದಿ, ಹೊರಗೆ ಐವರು. ಹೆಣ್ಣುಮಕ್ಕಳಿಗೂ ಜೂನಿಯರ್ ಹುಡುಗರಿಗೂ 15 ನಿಮಿಷದ ಎರಡು ಅರ್ಧ. ಔಟಾಗಿ ಹೊರಗೆ ಕೂತ ಹೊತ್ತನ್ನು ಬದಿಗಿಟ್ಟರೆ 210 ನಿಮಿಷ, ತಲೆಗೆ ಹದಿನೇಳೂವರೆ. ಎಲ್ಲರಿಗೂ ಹದಿನೇಳೂವರೆ ನಿಮಿಷವೇ ಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಐದು ನಿಮಿಷ ಸಿಗಲಿ. ಈಗ ಸಿಗುತ್ತಿರುವುದು ಸೊನ್ನೆ.

ಬಾಸ್ಕೆಟ್‌ಬಾಲ್ ಹುಟ್ಟಿದ ಬಗೆಯನ್ನು ಇಲ್ಲಿ ನೆನೆಯಬೇಕು. 1891ರ ಡಿಸೆಂಬರ್, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರು. ಹೊರಗೆ ಚಳಿ, ಒಳಗೆ ಬೇಸತ್ತ ವಿದ್ಯಾರ್ಥಿಗಳ ಒಂದು ತರಗತಿ. ಅವರ ಶಿಕ್ಷಕ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಬಾಲ್ಕನಿಯ ಕಟಕಟೆಗೆ ಹೊಡೆಸಿ, ಹದಿಮೂರು ನಿಯಮ ಬರೆದು, ಆಟ ಶುರುಮಾಡಿಸಿದರು. ತರಗತಿಯಲ್ಲಿ ಇದ್ದವರು ಹದಿನೆಂಟು ಮಂದಿ, ಹಾಗಾಗಿ ಆ ಮೊದಲ ಪಂದ್ಯ ಒಂಬತ್ತು ಜನರ ವಿರುದ್ಧ ಒಂಬತ್ತು ಜನರದಾಯಿತು. ಬೆಂಚಿನ ಮೇಲೆ ಒಬ್ಬನೂ ಕೂರಲಿಲ್ಲ. ಇದ್ದ ವಿದ್ಯಾರ್ಥಿಗಳೆಲ್ಲ ಮೈಮುರಿದು ಆಡಲಿ ಎಂದೇ ಒಬ್ಬ ದೈಹಿಕ ಶಿಕ್ಷಕ ಕಟ್ಟಿದ ಆಟ ಅದು. ಐದು ಜನರ ತಂಡ ಬಂದದ್ದು ಆಮೇಲೆ.

ಆ ಆಟವನ್ನು ಈಗ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಫೀಬಾ ಕೂಡ ಚಿಕ್ಕ ಮಕ್ಕಳ ಮಟ್ಟಿಗೆ ಈ ಮೂಲವನ್ನು ಮರೆತಿಲ್ಲ. ಮಿನಿ ಬಾಸ್ಕೆಟ್‌ಬಾಲ್ ಎಂಬ ರೂಪದಲ್ಲಿ ರಿಂಗಿನ ಎತ್ತರವನ್ನು 3.05 ಮೀಟರಿನಿಂದ 2.60 ಮೀಟರಿಗೆ ಇಳಿಸಿದ್ದಾರೆ, ಚೆಂಡನ್ನು ಸಣ್ಣದು ಮಾಡಿದ್ದಾರೆ. ತಂಡಕ್ಕೆ ಹತ್ತೇ ಮಕ್ಕಳು. ನಾಲ್ಕು ಅವಧಿಗಳಲ್ಲಿ ಪ್ರತಿಯೊಂದು ಮಗುವೂ ಎರಡು ಅವಧಿ ಆಡಬೇಕು, ಎರಡು ಅವಧಿ ಹೊರಗೆ ಕೂರಬೇಕು. ಚೆನ್ನಾಗಿ ಆಡುವವನಿಗೂ ಅದೇ, ಈಗಷ್ಟೇ ಕಲಿಯುತ್ತಿರುವವನಿಗೂ ಅದೇ. ಕೋಚ್‌ನ ಮರ್ಜಿಗೆ ಬಿಡದೆ ನಿಯಮದಲ್ಲೇ ಬರೆದಿಟ್ಟರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಎದುರಾಳಿ ತಂಡವೂ ಅದೇ ನಿಯಮಕ್ಕೆ ಕಟ್ಟುಬಿದ್ದಿರುವಾಗ ಎಲ್ಲರನ್ನೂ ಆಡಿಸಿದ ಕೋಚ್ ಏನೂ ಕಳೆದುಕೊಳ್ಳುವುದಿಲ್ಲ.

ಬಾಸ್ಕೆಟ್‌ಬಾಲ್ ಎಂದರೆ ನಮ್ಮ ರಾಜ್ಯದಲ್ಲಿ ಬೆಂಗಳೂರು, ಮೈಸೂರು, ಮಂಡ್ಯ, ಹತ್ತಿರವೆಂದರೆ ಧಾರವಾಡ. ಲಕ್ಕುಂಡಿಯ ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ರಿಂಗಿನ ಕಂಬ ಕಾಣುವುದು ಅಪರೂಪ. ನಮ್ಮಲ್ಲಿ ಇರುವುದು ಬಯಲು, ಸುಣ್ಣದ ಪುಡಿ, ಒಂದು ಸೀಟಿ. ಅದರಲ್ಲೇ ಕಬಡ್ಡಿಯ ಅಂಕಣ ಎದ್ದುಬಿಡುತ್ತದೆ. ಆದ್ದರಿಂದ ನಾನು ಕಣ್ಣಾರೆ ಕಂಡ ಮಾತನ್ನು ಕಬಡ್ಡಿಯಿಂದಲೇ ಹೇಳುತ್ತೇನೆ.

ತಾಲ್ಲೂಕು ಮಟ್ಟದ ಬಾಲಕಿಯರ ಪಂದ್ಯವೊಂದರಲ್ಲಿ ನಾನು ಅಂಕ ಬರೆಯುವ ಮೇಜಿನ ಹತ್ತಿರ ಕೂತಿದ್ದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಎರೆಮಣ್ಣು ಅಂಗಾಲಿಗೆ ಮೆತ್ತಿ, ಹುಡುಗಿಯರು ರೇಡ್‌ಗೆ ಹೋಗುವ ಮುಂಚೆ ಒಂದು ಕಾಲಿನ ಮಣ್ಣನ್ನು ಇನ್ನೊಂದು ಕಾಲಿನ ಮೀನಖಂಡಕ್ಕೆ ಒರೆಸಿಕೊಳ್ಳುತ್ತಿದ್ದರು. ನನ್ನ ಪಕ್ಕದಲ್ಲೇ ಐವರು ಎಕ್ಸ್‌ಟ್ರಾಗಳು. ಅವರಲ್ಲೊಬ್ಬಳು, ಎಂಟನೇ ತರಗತಿಯವಳಿರಬೇಕು, ಉಳಿದವರ ಚಪ್ಪಲಿಗಳನ್ನು ಜೋಡಿಜೋಡಿಯಾಗಿ ಸಾಲಿಟ್ಟು, ಬಸ್ ಚಾರ್ಜಿನ ದುಡ್ಡಿದ್ದ ಚೀಲವನ್ನು ತೊಡೆಯ ಮೇಲೆ ಅವಚಿ ಹಿಡಿದು ಕೂತಿದ್ದಳು. ಟೈಮ್‌ಔಟ್ ಆದಾಗಲೆಲ್ಲ ನೀರಿನ ಬಾಟಲಿ ತೆಗೆದುಕೊಂಡು ಓಡುವಳು, ಮರಳಿ ಬಂದು ಜರ್ಸಿಯ ನಂಬರು ಸುಕ್ಕಾಗದಂತೆ ಎಳೆದುಕೊಂಡು ಕೂರುವಳು. ಅವಳ ತಂಡ ಹತ್ತೊಂಬತ್ತು ಅಂಕ ಮುಂದಿತ್ತು. ಮೂರು ನಿಮಿಷ ಉಳಿದಿತ್ತು. ಆಗ ಅವಳು ಎದ್ದು ಹೋಗಿ ಸರ್ ಹಿಂದೆ ನಿಂತು, ಕೇಳಿಸಿಯೂ ಕೇಳಿಸದ ಹಾಗೆ, "ಸರ್, ಈಗರ ಇಳಸ್ರಿ" ಎಂದಳು. ಅವರು ತಿರುಗಿ ನೋಡಲಿಲ್ಲ. ಎದುರಾಳಿ ಎಲ್ಲರನ್ನೂ ಔಟ್ ಮಾಡಿ ಲೋನಾ ಗಳಿಸಿದರೆ ಎಂಬ ಅಂಜಿಕೆ ಅವರ ಮುಖದಲ್ಲಿ ನನಗೆ ಕಾಣುತ್ತಿತ್ತು. ಸೀಟಿ ಊದಿದರು, ಆಟ ಮುಗಿಯಿತು. ತಂಡ ಗೆದ್ದಿತು, ಹುಡುಗಿಯರೆಲ್ಲ ಕುಣಿದರು, ಅವಳೂ ಕುಣಿದಳು. ಆಮೇಲೆ ಚಪ್ಪಲಿ ಹಂಚಿದಳು.

ಹತ್ತೊಂಬತ್ತು ಅಂಕದ ಮುನ್ನಡೆ ಇದ್ದಾಗ, ಮೂರು ನಿಮಿಷ ಉಳಿದಾಗ ಇಳಿಯದ ಹುಡುಗಿ ಯಾವಾಗ ಇಳಿಯುತ್ತಾಳೆ? ಆ ಪ್ರಶ್ನೆಯನ್ನು ನಾನು ಬೇರೆ ಬೇರೆ ಶಾಲೆಗಳ ದೈಹಿಕ ಶಿಕ್ಷಕರ ಮುಂದೆ ಇಟ್ಟಿದ್ದೇನೆ. ಹೆಚ್ಚಿನವರ ಉತ್ತರ ಒಂದೇ: "ಇನ್ನೂ ತಯಾರಾಗಿಲ್ರೀ." ತಯಾರಾಗುವುದು ಎಲ್ಲಿ, ಹೇಗೆ ಎಂಬುದನ್ನು ಈಗ ಯೋಚಿಸಬೇಕು.

ತಾಲೀಮಿನಲ್ಲಿ ಕಾಲು ಹಿಡಿಯುವುದನ್ನು, ಸರಪಳಿ ಹಾಕುವುದನ್ನು, ಬೋನಸ್ ಗೆರೆ ಮುಟ್ಟುವುದನ್ನು ಕಲಿಸಬಹುದು. ಪಂದ್ಯದ ಉಸಿರನ್ನು ಮಾತ್ರ ಅಲ್ಲಿ ಕಲಿಸಲು ಬರುವುದಿಲ್ಲ. ಮೊದಲ ಸಲ ರೇಡ್‌ಗೆ ಹೋದ ಮಗುವನ್ನು ಹತ್ತಿರದಿಂದ ನೋಡಿ. ಶಾಲೆಯ ಬಯಲಿನಲ್ಲಿ ಅರ್ಧ ನಿಮಿಷ ತಡೆಯಿಲ್ಲದೆ ಕಬಡ್ಡಿ ಕಬಡ್ಡಿ ಎನ್ನುತ್ತಿದ್ದವನ ದನಿ ಇಲ್ಲಿ ನಡುಗೆರೆ ದಾಟಿದ ಕೂಡಲೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸುತ್ತ ನಿಂತ ಜನ ಕೂಗುತ್ತಾರೆ, ಎದುರಿಗೆ ಗುರುತಿಲ್ಲದ ಏಳು ಮುಖ, ಮೂಲೆಯವನು ಯಾವ ಕಡೆಯಿಂದ ಹಾರುತ್ತಾನೋ ತಿಳಿಯದು. ಹುಡುಗ ಎರಡು ಹೆಜ್ಜೆ ಹಾಕಿ, ಯಾರನ್ನೂ ಮುಟ್ಟದೆ, ಓಡಿ ಬಂದುಬಿಡುತ್ತಾನೆ. ಎರಡನೇ ರೇಡ್‌ನಲ್ಲಿ ನಾಲ್ಕು ಹೆಜ್ಜೆ. ಮೂರನೆಯದರಲ್ಲಿ ಹಿಡಿಸಿಕೊಳ್ಳುತ್ತಾನೆ, ಹೊರಗೆ ಕೂತು ಸಹ ಆಟಗಾರ ತನ್ನನ್ನು ಜೀವಂತ ಮಾಡುವುದನ್ನು ಕಾಯುತ್ತಾನೆ. ನಾಲ್ಕನೇ ಸಲ ಒಳಗೆ ಬರುವ ಹುಡುಗ ಮೊದಲಿನವನಾಗಿ ಉಳಿದಿರುವುದಿಲ್ಲ, ಕಣ್ಣು ಮೂಲೆಯವನ ಕಾಲಿನ ಮೇಲೆ ನೆಟ್ಟಿರುತ್ತದೆ. ಈ ನಾಲ್ಕು ರೇಡ್‌ಗಳಿಗೆ ಹಿಡಿಯುವ ಹೊತ್ತು ಐದಾರು ನಿಮಿಷ. ಇದನ್ನು ಬೆಂಚಿನ ಮೇಲೆ ಒಂದು ವರ್ಷ ಕೂತು ಪಡೆಯಲಾಗದು. ಬಾಸ್ಕೆಟ್‌ಬಾಲ್‌ನಲ್ಲಿ ಎಲ್ಲರೂ ಸುಮ್ಮನೆ ನಿಂತು ನೋಡುತ್ತಿರುವಾಗ ಒಬ್ಬಳೇ ಗೆರೆಯ ಹಿಂದೆ ನಿಂತು ಫ್ರೀ ಥ್ರೋ ಎಸೆಯುವ ಹುಡುಗಿಯದೂ ಇದೇ ಕಥೆ. ತಾಲೀಮಿನಲ್ಲಿ ಹತ್ತಕ್ಕೆ ಎಂಟು ಹಾಕುವವಳ ಮೊಣಕಾಲು ಅಲ್ಲಿ ಮೊದಲ ಸಲ ಬಿಗಿಯುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಕೂಟ ಮುಗಿದ ಮೇಲೆ ಹನ್ನೆರಡೂ ಮಕ್ಕಳಿಗೆ ಪ್ರಮಾಣಪತ್ರ ಕೊಡುತ್ತೇವೆ. ಪಂದ್ಯದಲ್ಲಿ ಭಾಗವಹಿಸಿದ್ದಾರೆ ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಮುಂದೆ ಕ್ರೀಡಾ ಮೀಸಲಾತಿಗೆ, ಸೀಟಿಗೆ, ನೌಕರಿಗೆ ಆ ಕಾಗದ ಬೇಕು ಎಂದು ತಂದೆತಾಯಿ ಅದನ್ನು ಪ್ಲಾಸ್ಟಿಕ್ ಹಾಕಿಸಿ ಟ್ರಂಕಿನಲ್ಲಿ ಇಡುತ್ತಾರೆ. ಆದರೆ ಅಂಕಣದ ಗೆರೆ ತುಳಿಯದ ಮಗುವಿಗೆ ಅದನ್ನು ಮನೆಯಲ್ಲಿ ತೋರಿಸುವಾಗ ಏನನ್ನಿಸುತ್ತದೆ ಎಂದು ನಾವು ಕೇಳಿಲ್ಲ. ಅಣ್ಣತಮ್ಮಂದಿರು "ಎಷ್ಟು ಪಾಯಿಂಟ್ ತಂದಿ?" ಎಂದು ಕೇಳಿಯೇ ಕೇಳುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಬಿಗಿಯಾದ ಮಾತು. ನಮ್ಮ ಹಳ್ಳಿಗಳಲ್ಲಿ ಎಂಟು, ಒಂಬತ್ತನೇ ತರಗತಿಯ ಹುಡುಗಿ ಸಂಜೆ ಶಾಲೆ ಬಿಟ್ಟ ಮೇಲೆ ಒಂದು ತಾಸು ಬಯಲಿನಲ್ಲಿ ಉಳಿಯಬೇಕಾದರೆ ಮನೆಯಲ್ಲಿ ನೀರು ತರುವ, ತಮ್ಮನನ್ನು ನೋಡಿಕೊಳ್ಳುವ, ಹಿಟ್ಟು ಹಾಕಿಸಿಕೊಂಡು ಬರುವ ಕೆಲಸವನ್ನು ಇನ್ನೊಬ್ಬರು ಮಾಡಬೇಕು. ಆ ಒಂದು ತಾಸನ್ನು ಅವಳು ಅಮ್ಮನೊಡನೆ ಜಗಳವಾಡಿ ಗಳಿಸಿರುತ್ತಾಳೆ. ಜಿಲ್ಲೆಗೆ ಹೋಗಿ ಆಡದೆ ಬಂದರೆ ಮರುವರ್ಷ ಮನೆಯಲ್ಲಿ ಕೇಳುವ ಮಾತು ಸಿದ್ಧವಿರುತ್ತದೆ: "ಆಡಸೋದಿಲ್ಲಂದ್ರ ಯಾಕ ಹೊಕ್ಕಿ?" ಅದಕ್ಕೆ ಅವಳ ಬಳಿ ಉತ್ತರವಿಲ್ಲ. ಹುಡುಗ ಬೆಂಚಿನಲ್ಲಿ ಕೂತರೂ ಮುಂದಿನ ವರ್ಷ ಬರುತ್ತಾನೆ. ಹುಡುಗಿ ಬರುವುದಿಲ್ಲ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್ ಬಾಸ್ಕೆಟ್‌ಬಾಲ್‌ನ ಬಿ ವಿಭಾಗವನ್ನು ಗೆದ್ದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಂಥ ತಂಡಕ್ಕೆ ಹೋಗುವ ದಾರಿ ಹದಿಮೂರನೇ ವಯಸ್ಸಿನ ಸಂಜೆಗಳಿಂದಲೇ ಹೊರಡುತ್ತದೆ.

ಯಾರಿಗೆ ಆಡುವ ಹೊತ್ತು ಹೆಚ್ಚು ಸಿಗುತ್ತದೆ ಎಂದು ಗಮನಿಸಿದರೆ ಇನ್ನೊಂದು ಅನ್ಯಾಯ ಕಾಣುತ್ತದೆ. ಹದಿಮೂರರಲ್ಲಿ ಯಾರ ಮೈ ಮೊದಲು ಬೆಳೆದಿದೆಯೋ ಅವರಿಗೆ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲಿ ಅಲ್ಲಿನ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ನೋಡಿದರು. ವಯಸ್ಸಿನ ಗಡಿ ಜನವರಿ 1 ಆಗಿದ್ದ ಆ ದೇಶದಲ್ಲಿ ದೊಡ್ಡ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ಜನವರಿಯ ಮಗು ಡಿಸೆಂಬರಿನ ಮಗುವಿಗಿಂತ ಹನ್ನೊಂದು ತಿಂಗಳು ದೊಡ್ಡದು; ಹತ್ತನೇ ವಯಸ್ಸಿನಲ್ಲಿ ಅದೇ ದೊಡ್ಡ ಅಂತರ. ದೊಡ್ಡ ಮೈಯವನನ್ನು ಆರಿಸುತ್ತಾರೆ, ಹೆಚ್ಚು ಆಡಿಸುತ್ತಾರೆ, ಹೆಚ್ಚು ಆಡಿದ್ದರಿಂದ ಅವನು ನಿಜವಾಗಿಯೂ ಮೇಲಾಗುತ್ತಾನೆ. ನಮ್ಮಲ್ಲಿ ಹಳೇ ತಲೆಮಾರಿನ ಎಷ್ಟೋ ಮಂದಿಯ ಜನ್ಮದಿನ ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದೇ ಇರುತ್ತದೆ, ಹೆಸರು ಹಚ್ಚಿದ ದಿನ ಮೇಷ್ಟ್ರು ಬರೆದದ್ದು. ಈಗ ಜನನ ಪತ್ರ, ಆಧಾರ್ ಎಲ್ಲ ಬಂದಿವೆ. ಆದರೂ ವಯಸ್ಸು ಮರೆಸಿ ಆಡಿಸುವ ಚಾಳಿ ಪೂರ್ತಿ ಹೋಗಿಲ್ಲ. ಕ್ರಿಕೆಟಿಗ ರಾಹುಲ್ ದ್ರಾವಿಡ್ 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಈ ವಯಸ್ಸಿನ ಮೋಸವನ್ನು ಮ್ಯಾಚ್ ಫಿಕ್ಸಿಂಗ್‌ಗೆ ಸಮನಾಗಿ ನಿಲ್ಲಿಸಿ ಮಾತಾಡಿದ್ದರು; ಸುಳ್ಳು ವಯಸ್ಸಿನ ದೊಡ್ಡ ಹುಡುಗ ಒಳಗೆ ಬಂದಾಗ ಪ್ರಾಮಾಣಿಕನಾದ ಸಣ್ಣ ಹುಡುಗ ಹೊರಗೆ ಹೋಗುತ್ತಾನೆ ಎಂಬುದು ಅವರ ನೋವಾಗಿತ್ತು.

ಬಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡಾನ್ ಕಥೆಯನ್ನು ಎಲ್ಲ ಕೋಚ್‌ಗಳೂ ಹೇಳುತ್ತಾರೆ. ಶಾಲೆಯ ತಂಡಕ್ಕೆ ಆಯ್ಕೆಯಾಗದೆ ಅತ್ತ ಹುಡುಗ, ಛಲದಿಂದ ಜಗತ್ತಿನ ದೊಡ್ಡ ಆಟಗಾರನಾದ ಎಂದು. ಆ ಕಥೆಯ ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. 1978ರಲ್ಲಿ ವಿಲ್ಮಿಂಗ್ಟನ್ ಊರಿನ ಲೇನಿ ಹೈಸ್ಕೂಲಿನಲ್ಲಿ ಹದಿನೈದರ ಜೋರ್ಡಾನ್‌ನ ಎತ್ತರ ಇನ್ನೂ ಆರಡಿ ಮುಟ್ಟಿರಲಿಲ್ಲ. ಹಿರಿಯರ ತಂಡಕ್ಕೆ ಎತ್ತರದವನೊಬ್ಬ ಬೇಕಿತ್ತು, ಅವನ ಗೆಳೆಯ ಲೀರಾಯ್ ಸ್ಮಿತ್‌ನನ್ನು ತೆಗೆದುಕೊಂಡರು. ಜೋರ್ಡಾನ್‌ನನ್ನು ಮನೆಗೆ ಕಳಿಸಲಿಲ್ಲ, ಕಿರಿಯರ ತಂಡಕ್ಕೆ ಹಾಕಿದರು. ಅಲ್ಲಿ ಅವನು ಆ ವರ್ಷವೆಲ್ಲ ಆಡಿದ, ತಂಡದ ಮುಖ್ಯ ಆಟಗಾರನಾಗಿ ಆಡಿದ, ಒಂದೊಂದು ಪಂದ್ಯದಲ್ಲಿ ನಲವತ್ತು ಅಂಕ ಗಳಿಸಿದ. ಹಿರಿಯರ ತಂಡದ ಬೆಂಚಿನ ತುದಿಯಲ್ಲಿ ಅದೇ ವರ್ಷವನ್ನು ಕಳೆದಿದ್ದರೆ ಏನಾಗುತ್ತಿತ್ತೋ ಬಲ್ಲವರಾರು. ನನಗೆ ಆ ಕಥೆಯಲ್ಲಿ ಕಣ್ಣೀರಿಗಿಂತ ಆ ಕಿರಿಯರ ತಂಡ ದೊಡ್ಡದಾಗಿ ಕಾಣುತ್ತದೆ. ನಮ್ಮ ಶಾಲೆಗಳಲ್ಲಿ ಅಂಥ ಎರಡನೇ ತಂಡ ಎಲ್ಲಿದೆ?

ದ್ರಾವಿಡ್ ಹೆಸರು ಬಂದಾಗ ಇನ್ನಷ್ಟು ಹೇಳಲೇಬೇಕು. 2015ರಿಂದ ಅವರು ಭಾರತ ಎ ತಂಡಕ್ಕೂ 19 ವರ್ಷದೊಳಗಿನವರ ತಂಡಕ್ಕೂ ಕೋಚ್ ಆಗಿದ್ದರು. ತನ್ನೊಡನೆ ಎ ತಂಡದ ಪ್ರವಾಸಕ್ಕೆ ಬಂದ ಯಾರೂ ಒಂದು ಪಂದ್ಯವನ್ನೂ ಆಡದೆ ಮನೆಗೆ ಮರಳಬಾರದು ಎಂಬುದು ಅವರ ಪಟ್ಟು. ಹುಡುಗರಿಗೆ ಅದನ್ನು ಪ್ರವಾಸದ ಮೊದಲೇ ಹೇಳಿಬಿಡುತ್ತಿದ್ದರಂತೆ. ಚಿಕ್ಕವರಿದ್ದಾಗ ಅವರೇ ಪ್ರವಾಸಕ್ಕೆ ಹೋಗಿ ಅವಕಾಶ ಸಿಗದೆ ಮರಳಿದ ಅನುಭವ ಅದರ ಹಿಂದಿತ್ತು. ಕಿರಿಯರ ಪಂದ್ಯಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಐದಾರು ಮಂದಿಯನ್ನು ಬದಲಾಯಿಸುತ್ತಿದ್ದರು. ಇದರಿಂದ ತಂಡ ಕುಸಿಯಿತೇ? 2016ರಲ್ಲಿ 19ರೊಳಗಿನವರ ವಿಶ್ವಕಪ್ ಫೈನಲ್‌ಗೆ ಹೋಯಿತು, 2018ರಲ್ಲಿ ಕಪ್ಪನ್ನೇ ಗೆದ್ದಿತು. ಆ ಗೆಲುವಿನ ಬಹುಮಾನದಲ್ಲಿ ಕೋಚ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ 20 ಲಕ್ಷ ಎಂದು ಘೋಷಣೆಯಾದಾಗ ಎಲ್ಲರಿಗೂ ಸಮನಾಗಿ ಕೊಡಿ ಎಂದು ಕೇಳಿ, ತಾವೂ 25 ಲಕ್ಷಕ್ಕೆ ಇಳಿದವರು ಅವರು.

2021ರ ಜುಲೈನಲ್ಲಿ ಅವರು ಹಿರಿಯರ ತಂಡವೊಂದನ್ನು ಶ್ರೀಲಂಕಾಕ್ಕೆ ಕರೆದುಕೊಂಡು ಹೋದರು. ಏಕದಿನ ಸರಣಿಯ ಮೊದಲ ಎರಡು ಪಂದ್ಯ ಗೆದ್ದು ಸರಣಿ ಕೈಸೇರಿತ್ತು. ಮೂರನೆಯದರಲ್ಲಿ ಒಂದೇ ದಿನ ಐವರು ಹೊಸಬರು ಅಂಕಣಕ್ಕೆ ಇಳಿದರು. ಅವರಲ್ಲೊಬ್ಬರು ನಮ್ಮ ಕರ್ನಾಟಕದ ಕೆ. ಗೌತಮ್, ಮೂವತ್ತು ದಾಟಿದ ಮೇಲೆ ಮೊದಲ ಸಲ ಭಾರತದ ಟೋಪಿ ತೊಟ್ಟವರು. ಆ ಪಂದ್ಯವನ್ನು ಭಾರತ ಸೋತಿತು. ಆ ಸೋಲು ಇವತ್ತು ಎಷ್ಟು ಜನರಿಗೆ ನೆನಪಿದೆ? ಗೌತಮ್‌ಗೆ ಆ ದಿನ ಮರೆಯಲು ಸಾಧ್ಯವೆ?

ಕಬಡ್ಡಿ ಪ್ರಿಯರಿಗೆ ಪವನ್ ಸೆಹ್ರಾವತ್ ಗೊತ್ತು. ಪ್ರೊ ಕಬಡ್ಡಿಯ ಐದನೇ ಆವೃತ್ತಿಯಲ್ಲಿ ಗುಜರಾತ್ ತಂಡದಲ್ಲಿದ್ದ ಅವರಿಗೆ ಸಿಕ್ಕ ಅವಕಾಶ ಬಹಳ ಕಡಿಮೆ. ಮರುವರ್ಷ ಬೆಂಗಳೂರು ಬುಲ್ಸ್ ಅವರನ್ನು ಕರೆತಂದು ಪಂದ್ಯದಿಂದ ಪಂದ್ಯಕ್ಕೆ ಆಡಿಸಿತು. 2019ರ ಜನವರಿ 5ರಂದು ಮುಂಬೈನಲ್ಲಿ ಫೈನಲ್, ಎದುರಾಳಿ ಅದೇ ಗುಜರಾತ್. ಬೆಂಗಳೂರು ಗಳಿಸಿದ 38 ಅಂಕಗಳಲ್ಲಿ 22 ಪವನ್ ಅವರದು. ಒಂದು ವರ್ಷದಲ್ಲಿ ಅವರ ಕಾಲಿಗೆ ಹೊಸ ಬಲ ಬಂದಿತ್ತೆಂದು ನಾನು ನಂಬುವುದಿಲ್ಲ. ತಪ್ಪಿದರೂ ಮುಂದಿನ ರೇಡ್ ತನ್ನದೇ ಎಂಬ ಭರವಸೆ ಬಂದಿತ್ತು.

ಈಗ ಹಿರಿಯರ ಹಂತದ ಮಾತು. ಅಲ್ಲಿ ಆಡುವ ಹೊತ್ತನ್ನು ದುಡಿದೇ ಪಡೆಯಬೇಕು, ಇದರಲ್ಲಿ ನನಗೆ ಅನುಮಾನವಿಲ್ಲ. ಅದಕ್ಕೆ ನಮ್ಮ ಗದಗಿನ ಕ್ರಿಕೆಟಿಗ ಸುನಿಲ್ ಜೋಶಿಗಿಂತ ಬೇರೆ ಉದಾಹರಣೆ ಯಾಕೆ? ಶಾಲೆಯ ದಿನಗಳಲ್ಲಿ ನಸುಕಿನಲ್ಲೆದ್ದು ಹುಬ್ಬಳ್ಳಿಗೆ ಹೋಗಿ, ಅಲ್ಲಿ ತಾಲೀಮು ಮುಗಿಸಿ, ಶಾಲೆಯ ಗಂಟೆ ಹೊಡೆಯುವಷ್ಟರಲ್ಲಿ ಗದಗಿಗೆ ಮರಳುತ್ತಿದ್ದ ಹುಡುಗ. 1995-96ರ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿದ ಮೇಲೆ 1996ರಲ್ಲಿ ಇಂಗ್ಲೆಂಡಿನಲ್ಲಿ ಟೆಸ್ಟ್ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರ್‌ಗಳಲ್ಲಿ 6 ಮೇಡನ್, ಕೊಟ್ಟದ್ದು 6 ರನ್, ಕಿತ್ತದ್ದು 5 ವಿಕೆಟ್. 2000ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್‌ನಲ್ಲಿ ಒಂದು ಇನಿಂಗ್ಸ್‌ಗೆ 5 ವಿಕೆಟ್, ಬ್ಯಾಟಿನಿಂದ 92 ರನ್, ಪಂದ್ಯಶ್ರೇಷ್ಠ ಪ್ರಶಸ್ತಿ. ಇಷ್ಟಾದರೂ ಅವರಿಗೆ ಸಿಕ್ಕದ್ದು ಒಟ್ಟು 15 ಟೆಸ್ಟ್. ಅನಿಲ್ ಕುಂಬ್ಳೆ ಒಂದು ತುದಿಯನ್ನು ಹಿಡಿದು ನಿಂತಿದ್ದ ಕಾಲ ಅದು, ಇನ್ನೊಂದು ಜಾಗಕ್ಕೆ ಮೂರ್ನಾಲ್ಕು ಸ್ಪಿನ್ನರ್‌ಗಳ ಪೈಪೋಟಿ. ದೇಶದ ತಂಡದಲ್ಲಿ ಹೊರಗೆ ಕೂರಬೇಕಾದ ಬೆಳೆದ ಆಟಗಾರನಿಗೆ ಅದನ್ನು ತಾಳುವ ಶಕ್ತಿ ಇರುತ್ತದೆ, ಯಾಕೆಂದರೆ ಅವನು ಅಷ್ಟರಲ್ಲಿ ನೂರಾರು ಪಂದ್ಯ ಆಡಿ ತಾನು ಏನೆಂದು ತಿಳಿದುಕೊಂಡಿರುತ್ತಾನೆ. ಹನ್ನೆರಡರ ಮಗುವಿಗೆ ಆ ತಿಳಿವಳಿಕೆ ಬರುವ ಮೊದಲೇ ಹೊರಗೆ ಕೂರಿಸುತ್ತೇವೆ.

ಕೋಚ್‌ಗಳ ಪಾಡನ್ನೂ ನಾನು ಬಲ್ಲೆ. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಕರೇ ಇಲ್ಲ, ಗಣಿತದ ಮೇಷ್ಟ್ರು ಸೀಟಿ ಹಿಡಿಯುತ್ತಾರೆ. ಇರುವ ಕಡೆ ಒಬ್ಬರೇ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಓಟ, ಎಸೆತ ಎಲ್ಲ ನೋಡಬೇಕು. ಊರಿನವರು ಚಂದಾ ಎತ್ತಿ ಜರ್ಸಿ ಹೊಲಿಸಿರುತ್ತಾರೆ. ಸೋತು ಬಂದರೆ ಬಸ್ ಸ್ಟ್ಯಾಂಡಿನಲ್ಲೇ ಪಂಚಾಯ್ತಿ ಶುರು. ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಕೂಟಗಳು ನಾಕೌಟ್ ಪದ್ಧತಿಯವು. ಒಂದು ಪಂದ್ಯ ಸೋತರೆ ಆ ವರ್ಷ ಮುಗಿಯಿತು. ಹದಿನಾಲ್ಕು ಕಿಲೋಮೀಟರ್ ಬಂದು, ಮೂವತ್ತು ನಿಮಿಷ ಆಡಿ, ಬುತ್ತಿ ಬಿಚ್ಚುವ ಮೊದಲೇ ಹೊರಬಿದ್ದ ತಂಡಗಳನ್ನು ನೋಡಿದ್ದೇನೆ. ಇಂಥ ಕಡೆ ಯಾವ ಕೋಚ್ ಧೈರ್ಯ ಮಾಡಿ ಹನ್ನೆರಡನೆಯವಳನ್ನು ಇಳಿಸಿಯಾರು? ಆದ್ದರಿಂದ ಕೋಚ್‌ಗೆ ಬುದ್ಧಿ ಹೇಳಿ ಕೈತೊಳೆದುಕೊಂಡರೆ ಸಾಲದು. ಕೂಟದ ಏರ್ಪಾಡನ್ನೇ ಬದಲಾಯಿಸಬೇಕು.

ಹದಿನಾರು ತಂಡಗಳ ಕೂಟವೆಂದು ಇಟ್ಟುಕೊಳ್ಳಿ. ನಾಕೌಟ್‌ನಲ್ಲಿ 15 ಪಂದ್ಯ, 30 ನಿಮಿಷದಂತೆ 450 ನಿಮಿಷದ ಆಟ. ಮೊದಲ ಸುತ್ತಿಗೇ ಎಂಟು ತಂಡ ಮನೆಗೆ. ಅದರ ಬದಲು ನಾಲ್ಕು ತಂಡಗಳ ನಾಲ್ಕು ಗುಂಪು ಮಾಡಿ, ಗುಂಪಿನೊಳಗೆ ಎಲ್ಲರೂ ಎಲ್ಲರ ಮೇಲೆ ಆಡಲಿ. ಗುಂಪಿಗೆ ಆರು ಪಂದ್ಯ, ಒಟ್ಟು 24. ಈ ಪಂದ್ಯಗಳಿಗೆ 7 ನಿಮಿಷದ ಎರಡು ಅರ್ಧ ಸಾಕು, ಅಂದರೆ 336 ನಿಮಿಷ. ಗುಂಪುಗಳಲ್ಲಿ ಗೆದ್ದ ನಾಲ್ಕು ತಂಡಗಳಿಗೆ ಎರಡು ಸೆಮಿಫೈನಲ್, ಒಂದು ಫೈನಲ್, ಪೂರ್ತಿ 30 ನಿಮಿಷದಂತೆ 90. ಕೂಡಿಸಿದರೆ 426 ನಿಮಿಷ. ನಾಕೌಟ್‌ಗೆ ಹಿಡಿಯುವುದಕ್ಕಿಂತ 24 ನಿಮಿಷ ಕಡಿಮೆ! ತಂಡಗಳನ್ನು ಕರೆಯುವ, ಅಂಕಣ ಬಿಡಿಸುವ ಹೊತ್ತು ಒಂದಿಷ್ಟು ಹೆಚ್ಚಬಹುದು. ಇನ್ನೊಂದು ಅಂಕಣಕ್ಕೆ ಸುಣ್ಣ ಹಾಕಿದರೆ ಅದೂ ಸರಿಹೋಗುತ್ತದೆ. ಪ್ರತಿಯೊಂದು ಶಾಲೆಗೂ ಮೂರು ಪಂದ್ಯ ಖಾತ್ರಿ. ಗುಂಪಿನ ಪಂದ್ಯಗಳ ಮಟ್ಟಿಗೆ ಒಂದೇ ನಿಯಮ ಇರಲಿ: ಪಟ್ಟಿಯಲ್ಲಿರುವ ಹನ್ನೆರಡು ಮಂದಿಯೂ ಮೂರು ಪಂದ್ಯಗಳಲ್ಲಿ ಒಂದರಲ್ಲಾದರೂ ಒಂದು ಪೂರ್ತಿ ಅರ್ಧ ಆಡಿರಬೇಕು, ಅಂಕ ಬರೆಯುವವರು ಅದನ್ನು ಗುರುತು ಹಾಕಬೇಕು. ಸೆಮಿಫೈನಲ್‌ನಿಂದ ಮುಂದೆ ಕೋಚ್ ತನ್ನ ಬಲಿಷ್ಠ ಏಳು ಮಂದಿಯನ್ನೇ ಇಳಿಸಲಿ, ನನ್ನ ತಕರಾರಿಲ್ಲ.

ನಿಯಮ ಬರುವವರೆಗೆ ಕೋಚ್ ಕೈಯಲ್ಲಿ ಆಗುವುದೂ ಇದೆ. ಒಂದು ಹಳೇ ನೋಟ್‌ಬುಕ್‌ನಲ್ಲಿ ಪ್ರತಿ ಮಗು ಆಡಿದ ನಿಮಿಷ ಬರೆದಿಡಿ. ಯಾರು ಎಷ್ಟು ಕೂತಿದ್ದಾರೆಂದು ನೆನಪಿನಿಂದ ಹೇಳಲು ಯಾರಿಗೂ ಆಗದು, ಬರೆದಾಗ ಕಣ್ಣಿಗೆ ಹೊಡೆಯುತ್ತದೆ. ಇಳಿಸುವುದನ್ನು ಹಿಂದಿನ ದಿನವೇ ಮಗುವಿಗೆ ಹೇಳಿ, ರಾತ್ರಿ ಅದು ಆ ಆಟವನ್ನು ಮನಸ್ಸಿನಲ್ಲಿ ಆಡಿಕೊಳ್ಳುತ್ತದೆ. ಸೋತುಹೋದ ಪಂದ್ಯದ ಕಡೆಯ ನಿಮಿಷಕ್ಕೆ ಇಳಿಸಿ "ಚಾನ್ಸ್ ಕೊಟ್ಟೆ" ಎನ್ನಬೇಡಿ. ಮೊದಲ ಅರ್ಧದ ನಡುವೆ, ಬಲವಾದ ಇಬ್ಬರು ಆಟಗಾರರು ಅಂಕಣದಲ್ಲಿರುವಾಗ ಇಳಿಸಿ. ಒಂದು ತಪ್ಪು ಮಾಡಿದ ಕೂಡಲೇ ವಾಪಸ್ ಕರೆಯಬೇಡಿ. ಹಾಗೆ ಕರೆದರೆ ಆ ಮಗು ಮುಂದೆ ಎದುರಾಳಿಯನ್ನು ಬಿಟ್ಟು ನಿಮ್ಮ ಮುಖವನ್ನೇ ನೋಡುತ್ತಾ ಆಡುತ್ತದೆ. ತಾಲೀಮಿಗೆ ಬಾರದವರನ್ನು ಕೂರಿಸಿ, ಅದು ಶಿಸ್ತು, ಅದರಲ್ಲಿ ರಾಜಿ ಬೇಡ.

ತಂದೆತಾಯಿಗಳಿಗೂ ಒಂದು ಮಾತು. ನಿಮ್ಮ ಮಗುವಿನ ಪರವಾಗಿ ಕೋಚ್ ಹತ್ತಿರ ಹೋಗುವಾಗ ಐದೂ ಎಕ್ಸ್‌ಟ್ರಾ ಮಕ್ಕಳ ಪರವಾಗಿ ಹೋಗಿ. ಪಂದ್ಯ ನಡೆಯುವಾಗ ಹೋಗಬೇಡಿ, ಮರುದಿನ ಶಾಲೆಗೆ ಹೋಗಿ. "ನನ್ನ ಮಗನ್ನ ಆಡಸ್ರಿ" ಎಂದರೆ ಅದು ಜಗಳವಾಗುತ್ತದೆ. "ಇವರೆಲ್ಲಾರನೂ ಯಾವಾಗ ಆಡಸ್ತೀರಿ?" ಎಂದರೆ ಮೇಷ್ಟ್ರು ಉತ್ತರ ಕೊಡಲೇಬೇಕಾಗುತ್ತದೆ.

ಕೂಟಗಳು ಶುರುವಾಗುವ ಮೊದಲು ತಾಲ್ಲೂಕು ದೈಹಿಕ ಶಿಕ್ಷಣ ಪರಿವೀಕ್ಷಕರು ಶಾಲೆಗಳ ದೈಹಿಕ ಶಿಕ್ಷಕರ ಸಭೆ ಕರೆಯುತ್ತಾರೆ. ಪಂದ್ಯಗಳ ಡ್ರಾ ಹೇಗಿರಬೇಕೆಂದು ನಿಶ್ಚಯವಾಗುವುದು ಅಲ್ಲಿ. ಈ ಭಾಷಣ ಕೇಳುತ್ತಿರುವ ಶಿಕ್ಷಕರು ಹದಿನಾರು ತಂಡಗಳ ಆ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಆ ಸಭೆಗೆ ಹೋಗಲಿ ಎಂದು ಕೇಳಿಕೊಳ್ಳುತ್ತೇನೆ. ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಒಂದು ತಾಲ್ಲೂಕು, ಒಂದು ಆಟ, 14ರೊಳಗಿನ ಬಾಲಕಿಯರ ಕಬಡ್ಡಿ ಮಾತ್ರ, ಈ ಒಂದು ವರ್ಷ ಗುಂಪು ಪದ್ಧತಿಯಲ್ಲಿ ನಡೆಯಲಿ. ಎಷ್ಟು ಮಕ್ಕಳು ಆಡಿದರು, ಮರುವರ್ಷ ಎಷ್ಟು ಮಕ್ಕಳು ತಾಲೀಮಿಗೆ ಮರಳಿ ಬಂದರು ಎಂದು ಬರೆದಿಟ್ಟು, ಉಳಿದ ಆರು ತಾಲ್ಲೂಕುಗಳ ಶಿಕ್ಷಕರ ಮುಂದೆ ಇಡಿ.